ಅರವತ್ತೊಂದನೆಯ ಡಬ್ಬಿ

ಹಾವಿಗೆ ಹೆದರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಯೋಗ್ಯಕರ್ತದ ಒಂದು ಓಣಿಯ ಪಾಕ್ ವಾಗಿಮಿನ್ ಅವರ ಪೈಕಿ ಅಲ್ಲ. (ಅಲ್ಲಿ ಗೌರವಕ್ಕೆ ಗಂಡಸರ ಹೆಸರಿನ ಮುಂದೆ ಪಾಕ್, ಹೆಂಗಸರ ಹೆಸರಿನ ಮುಂದೆ ಬೂ ಎಂದು ಸೇರಿಸುತ್ತಾರೆ.) ನಾಲ್ಕು ಅಡಿ ಉದ್ದದ ಹೆಬ್ಬಾವನ್ನು ಶಾಲು ಹೊದ್ದಂತೆ ಹೆಗಲಿಗೆ ಹಾಕಿಕೊಂಡು ಸಂಜೆ ಹೊತ್ತು ಓಣಿಯ ತುದಿಯ ಕಾಫಿ ಗಾಡಿಯವರೆಗೆ ಹೋಗಿ ಬರುತ್ತಿದ್ದ. ಅವನು ಹೆದರುತ್ತಿದ್ದದ್ದು ಇಲಿಗೆ. ದೊಡ್ಡ ಹೆಗ್ಗಣ ಎದುರಾದರೆ ಎಲ್ಲರೂ ಹೆದರುತ್ತಾರೆ, ಅದು ಬೇರೆ ಮಾತು. ವಾಗಿಮಿನ್ ಹೆಬ್ಬೆರಳಿನಷ್ಟಿರುವ ಬಿಳಿ ಇಲಿಮರಿ ಕಂಡರೂ ಎರಡೂ ಕಾಲುಗಳನ್ನು ಒಟ್ಟಿಗೆ ನೆಲದಿಂದ ಎತ್ತಿಬಿಡುವ ಮನುಷ್ಯ. ಕೂತಿದ್ದರೆ ಇದು ಸುಲಭ. ನಿಂತಿದ್ದಾಗ ಕಷ್ಟದ ಕೆಲಸ, ಆದರೂ ಅವನು ಮಾಡಿ ತೋರಿಸುತ್ತಿದ್ದ.

ಇಲಿಗೆ ಹೆದರುವವನು ಹೆಬ್ಬಾವನ್ನು ಹೇಗೆ ಸಾಕುತ್ತಾನೆ ಎಂದು ನೀವು ಕೇಳಬಹುದು. ಅವನಿಗೆ ಮುರ್ತಿನಿ ಎಂಬ ಹೆಂಡತಿ ಇದ್ದಳು, ಹಾಗಾಗಿ ಸಾಕುತ್ತಿದ್ದ.

ಕೆನಂಗಾ ಎಂಬ ಆ ಹೆಬ್ಬಾವು ಅವರ ಮನೆಗೆ ಬಂದು ಎರಡು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಪಶುವೈದ್ಯದ ವಿದ್ಯಾರ್ಥಿ ಎರಡು ವಾರ ನೋಡಿಕೊಳ್ಳಿ ಎಂದು ಅದನ್ನು ಕೊಟ್ಟು ಊರಿಗೆ ಹೋದವನು ಅಲ್ಲೇ ಮದುವೆಯಾಗಿ ಉಳಿದುಬಿಟ್ಟ. ಹೋಗುವಾಗ ಊಟ ಹಾಕುವ ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದ. ವಾಗಿಮಿನ್‌ಗೆ ಇದ್ದದ್ದು ಜೆರಾಕ್ಸ್ ಅಂಗಡಿ. ಅವನು ಆ ಹಾಳೆಯ ಇಪ್ಪತ್ತು ಪ್ರತಿ ತೆಗೆದ. ಮುರ್ತಿನಿ ಅದನ್ನು ಓದಿದಳು. ಅಂದಿನಿಂದ ಮನೆಯಲ್ಲಿ ಕೆಲಸ ಹೀಗೆಯೇ ಹಂಚಿಕೆಯಾಗಿತ್ತು.

ಎರಡು ವಾರಕ್ಕೊಮ್ಮೆ ಮುರ್ತಿನಿ ಮುಚ್ಚಳವಿರುವ ತಗಡಿನ ಡಬ್ಬ ಹಿಡಿದು ಹಕ್ಕಿ ಸಂತೆಗೆ ಹೋಗಿ ಒಂದು ಇಲಿ ತರುವಳು. ಹಾವನ್ನು ಅದರ ಗೂಡಿನಿಂದ ತೆಗೆದು ಊಟಕ್ಕೆಂದೇ ಇಟ್ಟ ಬೇರೊಂದು ಪಾರದರ್ಶಕ ಪೆಟ್ಟಿಗೆಗೆ ಬಿಡುವಳು. ಉದ್ದನೆಯ ಇಕ್ಕಳದಲ್ಲಿ ಇಲಿಯನ್ನು ಇಳಿಸಿ, ಮುಚ್ಚಳ ಹಾಕಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಕದಲಿಸದೆ ನೋಡುವಳು. ಕಾಲು ಗಂಟೆಯಲ್ಲಿ ಹಾವು ಮುಟ್ಟದಿದ್ದರೆ ಇಲಿಯನ್ನು ವಾಪಸು ತೆಗೆಯುವಳು. ಬಿಟ್ಟು ಹೋದರೆ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಇಷ್ಟು ಹೊತ್ತೂ ವಾಗಿಮಿನ್ ಹಿತ್ತಿಲ ಬಾಗಿಲಿನಾಚೆ, ಗೇಟಿನ ಹತ್ತಿರ, ಕಣ್ಣು ಮುಚ್ಚಿ ನಿಂತಿರುತ್ತಿದ್ದ. "ಆಯ್ತು ಬನ್ನಿ" ಎಂದು ಆಕೆ ಕೂಗಿದ ಮೇಲೆ ಒಳಗೆ ಬಂದು, ಹಾವಿನ ಹೊಟ್ಟೆಯ ಉಬ್ಬು ನೋಡಿ, ಚೆನ್ನಾಗಿ ತಿಂದಿದೆ ಎಂದು ತೀರ್ಪು ಕೊಡುತ್ತಿದ್ದ.

ಕಾಫಿ ಗಾಡಿಯಲ್ಲಿ ಅವನು ಹೇಳುತ್ತಿದ್ದ ಕಥೆ ಮಾತ್ರ ಬೇರೆ. ಹಾವು ಬರುವ ಮೊದಲು ಅಲ್ಲಿ ಅವನಿಗೆ ಬೆಂಚಿನ ತುದಿಯಲ್ಲಿ ಅರ್ಧ ಜಾಗ ಸಿಗುತ್ತಿತ್ತು. ಅವನು ತೆಗೆದ ಪ್ರತಿಗಳು ಸೊಟ್ಟಗಿರುತ್ತಿದ್ದವು, ಎದುರು ಮನೆಯ ಬೂ ಹೆಂದಾರ್ತಿಯ ಮಗನ ಪ್ರಬಂಧಕ್ಕೆ ರಟ್ಟು ಹಾಕುವಾಗ ಮೂರನೇ ಅಧ್ಯಾಯವನ್ನು ಐದರ ನಂತರ ತಲೆಕೆಳಗಾಗಿ ಸೇರಿಸಿದ್ದ. ಹಾವು ಬಂದ ಮೇಲೆ ಬೆಂಚಿನ ನಡುವೆ ಜಾಗವಾಯಿತು. ಜಾಗ ಕೊಟ್ಟವರಿಗೆ ಏನಾದರೂ ಕೊಡಬೇಕಲ್ಲ. ಜೀವಂತ ಇಲಿಯನ್ನು ತಾನು ಬರಿಗೈಯಲ್ಲಿ ಬಾಲ ಹಿಡಿದು ಹೇಗೆ ಇಳಿಸುತ್ತೇನೆ, ಇಲಿ ಹೇಗೆ ಕಣ್ಣಿಗೇ ಹಾರುತ್ತದೆ, ಹಾವು ಹೇಗೆ ಗುರಿ ತಪ್ಪಿ ಒಮ್ಮೆ ತನ್ನ ಮೂಗಿನ ಪಕ್ಕದಲ್ಲೇ ಹಾದುಹೋಯಿತು, ಇದೆಲ್ಲ ಪ್ರತಿ ಸಂಜೆ ಸ್ವಲ್ಪಸ್ವಲ್ಪವೇ ಬೆಳೆಯಿತು. ಒಂದು ದಿನ ಎರಡು ಇಲಿಗಳು ಏಕಕಾಲಕ್ಕೆ ತಪ್ಪಿಸಿಕೊಂಡು ತಾನು ಒಂದನ್ನು ಕಾಲಲ್ಲೂ ಒಂದನ್ನು ಟೋಪಿಯಲ್ಲೂ ಹಿಡಿದೆ ಎಂದೂ ಹೇಳಿಬಿಟ್ಟ. ಕೇಳುವವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

ಕೇಳಿದವರು ಮನೆಗೆ ಹೋಗಿ ಹೇಳಿದರು. ಮನೆಯವರು ಬೂ ಹೆಂದಾರ್ತಿಗೆ ಹೇಳಿದರು. ಬೂ ಹೆಂದಾರ್ತಿಯ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗನಿದ್ದ. ಮೂರನೇ ಅಧ್ಯಾಯವನ್ನು ತಲೆಕೆಳಗಾಗಿ ಹಾಕಿದ ಮನುಷ್ಯ ಎದುರು ಮನೆಯಲ್ಲಿ ಬರಿಗೈಯಲ್ಲಿ ಇಲಿ ಹಿಡಿದು ಹೆಬ್ಬಾವಿಗೆ ಹಾಕುತ್ತಾನೆ, ಇಲಿಗಳು ತಪ್ಪಿಸಿಕೊಳ್ಳುತ್ತವೆ, ಹಾವು ಗುರಿ ತಪ್ಪುತ್ತದೆ ಎಂದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ. ಆಕೆ ಓಣಿಯ ಮುಖ್ಯಸ್ಥ ಪಾಕ್ ಕಾಸಿರಾನ್‌ಗೆ ಪತ್ರ ಬರೆದಳು: ಹಾವು ಈ ಓಣಿಯಿಂದ ಹೋಗಬೇಕು. ಇಪ್ಪತ್ತೆರಡು ಮನೆಯವರು ಸಹಿ ಹಾಕಿದರು. ಪತ್ರದ ಪ್ರತಿಗಳನ್ನು ವಾಗಿಮಿನ್‌ನ ಅಂಗಡಿಯಲ್ಲೇ ತೆಗೆಸಿದರು. ಅವನು ಓದದೆ ತೆಗೆದುಕೊಟ್ಟ.

ಪಾಕ್ ಕಾಸಿರಾನ್ ಯಾರ ಮನಸ್ಸನ್ನೂ ನೋಯಿಸದವರು. ಹಾವನ್ನು ಕಳಿಸಿದರೆ ವಾಗಿಮಿನ್‌ಗೆ ನೋವು, ಕಳಿಸದಿದ್ದರೆ ಬೂ ಹೆಂದಾರ್ತಿಗೆ ನೋವು. ಇಂಥ ಇಕ್ಕಟ್ಟಿಗೆ ಆ ಊರಿನಲ್ಲಿ ಒಂದೇ ಮದ್ದು, ಅರಿವು ಸಭೆ. ಬ್ಯಾನರ್ ಕಟ್ಟಬೇಕು, ಶಾಮಿಯಾನ ಹಾಕಬೇಕು, ಹಾಜರಿ ಪುಸ್ತಕ ಇಡಬೇಕು, ಬಡಾವಣೆಯ ಅಧಿಕಾರಿ ಪಾಕ್ ಲೂರಾ ಅವರನ್ನು ಕರೆಯಬೇಕು, ಬಂದವರಿಗೆಲ್ಲ ತಿಂಡಿಯ ಡಬ್ಬಿ ಕೊಡಬೇಕು. ಬ್ಯಾನರಿನಲ್ಲಿ ಹೀಗೆ ಬರೆಸಿದರು: "ಸಾಕು ಹಾವಿಗೆ ಜೀವಂತ ಆಹಾರ ಸುರಕ್ಷಿತವಾಗಿ ಕೊಡುವ ಬಗ್ಗೆ ಅರಿವು ಮತ್ತು ಪ್ರಾತ್ಯಕ್ಷಿಕೆ." ಪ್ರಾತ್ಯಕ್ಷಿಕೆ ಸುರಕ್ಷಿತ ಎಂದು ಪಾಕ್ ಲೂರಾ ಒಪ್ಪಿದರೆ ಹಾವು ಉಳಿಯುತ್ತದೆ, ಇಲ್ಲವಾದರೆ ಮರುದಿನವೇ ಹೋಗುತ್ತದೆ. ಪಾಕ್ ಲೂರಾ ಅವರಿಗೆ ಬಿಡುವಿದ್ದದ್ದು ಗುರುವಾರ ಸಂಜೆ ನಾಲ್ಕಕ್ಕೆ.

ಪ್ರಾತ್ಯಕ್ಷಿಕೆ ಎಂಬ ಶಬ್ದ ಓದಿದ ಮೇಲೆ ವಾಗಿಮಿನ್ ಎರಡು ದಿನ ಕಾಫಿ ಗಾಡಿಯ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಹೆಂಡತಿಯ ಎದುರು ಕೂತ.

"ಅರವತ್ತು ಜನರ ಮುಂದೆ ನಾನು ಇಲಿ ಹಿಡೀಬೇಕಂತೆ" ಎಂದ.

ಮುರ್ತಿನಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಹೇಗೂ ಅಭ್ಯಾಸ ಇದೆಯಲ್ಲ. ಒಂದನ್ನ ಕಾಲಲ್ಲಿ, ಒಂದನ್ನ ಟೋಪೀಲಿ."

ಆಕೆಗೂ ಸುದ್ದಿ ಮುಟ್ಟಿತ್ತು. ವಾಗಿಮಿನ್ ನೆಲ ನೋಡಿದ. ಹಾವು ಹೋದರೆ ಹೋಗಲಿ, ಸಭೆ ಬೇಡ ಎಂದು ಹೇಳಿಬಿಡುತ್ತೇನೆ ಎಂದ. ಮುರ್ತಿನಿ ಬೆಳ್ಳುಳ್ಳಿ ಕೆಳಗಿಟ್ಟಳು. ಕೆನಂಗಾಳ ಮೇಲೆ ಆಕೆಗೆ ಜೀವ. ಬೆಳಗ್ಗೆ ನೀರು ಬದಲಿಸುವಾಗ ಅದು ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ಮನಿರುತ್ತಿತ್ತು. ಆ ಮನೆಯಲ್ಲಿ ಮಾತಾಡದೆ ಹತ್ತಿರ ಕೂರುವ ಜೀವ ಅದೊಂದೇ ಎಂದು ಆಕೆ ಒಮ್ಮೆ ತಂಗಿಗೆ ಹೇಳಿದ್ದುಂಟು. ಯೋಚಿಸಿ ಒಂದು ದಾರಿ ಹೇಳಿದಳು. ಇಲಿಯನ್ನು ಅಡುಗೆಮನೆಯಲ್ಲೇ ತಾನು ಊಟದ ಪೆಟ್ಟಿಗೆಯ ಒಂದು ಭಾಗಕ್ಕೆ ಬಿಟ್ಟು, ಮಧ್ಯೆ ತಡಿಕೆ ಇಟ್ಟು, ಮೇಲೆ ಬಟ್ಟೆ ಮುಚ್ಚಿ ಕೊಡುತ್ತೇನೆ. ವಾಗಿಮಿನ್ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಭಾಷಣ ಮಾಡಿ, ಹೊರಗಿನಿಂದಲೇ ತಡಿಕೆ ಎಳೆದರೆ ಮುಗಿಯಿತು. ಬೇಕಾದರೆ ಕಣ್ಣು ಮುಚ್ಚಿಕೊಳ್ಳಲಿ, ಪ್ರಾರ್ಥನೆ ಅಂದುಕೊಳ್ಳುತ್ತಾರೆ.

ಇಷ್ಟು ಚೆನ್ನಾದ ಯೋಜನೆ ಕೆಡಬೇಕಾದರೆ ಅದರಲ್ಲಿ ಒಂದು ಕೆಲಸವನ್ನಾದರೂ ವಾಗಿಮಿನ್‌ಗೆ ವಹಿಸಬೇಕಿತ್ತು. ವಹಿಸಿದರು. ಗುರುವಾರ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೆಲ್ಲ ತಿಂಡಿ ಮಾಡಲು ಮುರ್ತಿನಿಯ ಅಡುಗೆಮನೆಯಲ್ಲಿ ಸೇರಿದ್ದರು, ಬೂ ಹೆಂದಾರ್ತಿಯೂ ಬಂದಿದ್ದಳು. ದೂರು ಬೇರೆ, ನೆರೆಮನೆಯ ಕೆಲಸಕ್ಕೆ ಕೈ ಹಾಕುವುದು ಬೇರೆ. ಅಷ್ಟು ಜನರನ್ನು ಬಿಟ್ಟು ಮುರ್ತಿನಿ ಸಂತೆಗೆ ಹೋಗುವಂತಿರಲಿಲ್ಲ. ನೀವೇ ಹೋಗಿ, ತಗಡಿನ ಡಬ್ಬ ತಗೊಂಡು ಹೋಗಿ, ಅಂಗಡಿಯವನೇ ಹಾಕಿ ಕೊಡುತ್ತಾನೆ, ನೀವು ಮುಟ್ಟುವುದೇನೂ ಇಲ್ಲ ಎಂದಳು.

ತಗಡಿನ ಡಬ್ಬವನ್ನು ಓಣಿಯವರೆಲ್ಲ ಗುರುತು ಹಿಡಿಯುತ್ತಾರೆ ಎಂದು ವಾಗಿಮಿನ್‌ಗೆ ಅನ್ನಿಸಿತು. ತೀರ್ಪಿನ ದಿನವೇ ಸ್ಕೂಟರಿನಲ್ಲಿ ಇಲಿ ಸಾಗಿಸುವುದನ್ನು ಜನ ನೋಡಬಾರದು. ಹೊರಡುವಾಗ ಅಡುಗೆಮನೆಯ ಮೇಜಿನಿಂದ ತಿಂಡಿಯ ಒಂದು ಖಾಲಿ ರಟ್ಟಿನ ಡಬ್ಬಿ ತೆಗೆದುಕೊಂಡ. ಅಂಗಡಿಯ ಸ್ಟೇಪ್ಲರನ್ನೂ ಜೇಬಿಗೆ ಹಾಕಿಕೊಂಡ.

ಹಕ್ಕಿ ಸಂತೆಯ ಇಲಿ ವ್ಯಾಪಾರಿ ರಟ್ಟಿನ ಡಬ್ಬಿ ನೋಡಿ, ಬೂ ಮುರ್ತಿನಿ ಬರಲಿಲ್ಲವೇ ಎಂದು ಕೇಳಿದ. ಇದರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಡಿದು ಬಂದುಬಿಡುತ್ತದೆ ಎಂದೂ ಹೇಳಿದ. ವಾಗಿಮಿನ್ ಬೆನ್ನು ತಿರುಗಿಸಿ ನಿಂತು, ಹಾಕಿದಿರಾ, ಹಾಕಿದಿರಾ ಎಂದು ಮೂರು ಸಲ ಕೇಳಿ, ಆಮೇಲೆ ತೋಳನ್ನು ಉದ್ದಕ್ಕೆ ಚಾಚಿ ಮುಚ್ಚಳಕ್ಕೆ ನಾಲ್ಕು ಪಿನ್ನು ಹೊಡೆದ. ವ್ಯಾಪಾರಿ ಪೆನ್ನಿನಲ್ಲಿ ಮೂರು ತೂತು ಮಾಡಿ ಕೊಟ್ಟ. ದಾರಿಯುದ್ದಕ್ಕೂ ವಾಗಿಮಿನ್ ಸ್ಕೂಟರಿನ ಕೊಕ್ಕೆಗೆ ಡಬ್ಬಿಯ ಚೀಲ ಸಿಕ್ಕಿಸಿ, ಕಾಲುಗಳನ್ನು ಎರಡೂ ಬದಿಗೆ ಚಾಚಿ ಬಂದ. ಟ್ರಾಫಿಕ್ ಪೊಲೀಸು ಏನಾಯಿತೆಂದು ಕೇಳಿದ್ದಕ್ಕೆ ಮಂಡಿನೋವು ಎಂದ.

ಅಡುಗೆಮನೆಗೆ ಬಂದು ಡಬ್ಬಿಯನ್ನು ಮೇಜಿನ ತುದಿಯಲ್ಲಿಟ್ಟ. ಮುರ್ತಿನಿ ಹಿತ್ತಿಲಲ್ಲಿದ್ದಳು. ಕರೆದು ಹೇಳಬೇಕಿತ್ತು. ಆದರೆ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಕ್ಷಣ ನಿಲ್ಲುವುದು ಅವನಿಂದಾಗಲಿಲ್ಲ. ಬಾಟಿಕ್ ಅಂಗಿ ತೊಡಲು ಒಳಗೆ ಓಡಿದ.

ಹೆಂಗಸರು ಸಾಲಾಗಿ ಕೂತು ಡಬ್ಬಿ ತುಂಬುತ್ತಿದ್ದರು. ಒಂದು ಲೆಂಪರ್, ಎಂದರೆ ಬಾಳೆಲೆಯಲ್ಲಿ ಸುತ್ತಿದ ಕೋಳಿ ತುಂಬಿದ ಅಂಟಕ್ಕಿ ಉಂಡೆ, ಒಂದು ಕರಿದ ಸುರುಳಿ, ಒಂದು ಹಸಿಮೆಣಸಿನಕಾಯಿ. ಮುಚ್ಚಿ ಪಿನ್ನು ಹೊಡೆದು ಪೇರಿಸುತ್ತಿದ್ದರು. ಕೊನೆಗೆ ಎಣಿಸಿದಾಗ ಅರವತ್ತರ ಬದಲು ಅರವತ್ತೊಂದು ಬಂತು. ಒಂದು ಹೆಚ್ಚಿದ್ದರೆ ಒಳ್ಳೆಯದೇ, ಯಾರಾದರೂ ಕರೆಯದೆ ಬರುತ್ತಾರೆ ಎಂದು ಎಲ್ಲವನ್ನೂ ತಟ್ಟೆಗಳಲ್ಲಿಟ್ಟು ಶಾಮಿಯಾನಕ್ಕೆ ಒಯ್ದು ಹಂಚಿದರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮುರ್ತಿನಿ ಪೆಟ್ಟಿಗೆ ಸಿದ್ಧಮಾಡಿ, ಹಾವನ್ನು ಒಂದು ಭಾಗಕ್ಕೆ ಬಿಟ್ಟು, ಇಲಿ ಎಲ್ಲಿ ಎಂದು ಕೇಳಿದಳು. ಮೇಜಿನ ಮೇಲೆ ಎಂದ ವಾಗಿಮಿನ್. ಮೇಜಿನ ಮೇಲೆ ಏನೂ ಇರಲಿಲ್ಲ. ತಗಡಿನ ಡಬ್ಬ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುವುದನ್ನು ಮುರ್ತಿನಿ ನೋಡಿದಳು.

"ಯಾವುದರಲ್ಲಿ ತಂದ್ರಿ?"

ವಾಗಿಮಿನ್ ಹೇಳಿದ. ಇಬ್ಬರೂ ಕಿಟಕಿಯಿಂದ ಹೊರಗೆ ನೋಡಿದರು. ಶಾಮಿಯಾನದ ಕೆಳಗೆ ಅರವತ್ತು ಜನ, ಒಬ್ಬೊಬ್ಬರ ತೊಡೆಯ ಮೇಲೂ ಒಂದು ಡಬ್ಬಿ, ಪಾಕ್ ಲೂರಾ ಅವರದು ಮೇಜಿನ ಮೇಲೆ. ಹಂಚಿ ಉಳಿದ ಒಂದು ತಟ್ಟೆಯಲ್ಲಿ ವಾಪಸು ಬಂದಿತ್ತು, ಮುರ್ತಿನಿ ತೆರೆದು ನೋಡಿದರೆ ಲೆಂಪರ್. ಪೆನ್ನಿನ ತೂತು ಅಷ್ಟು ದೂರಕ್ಕೆ ಕಾಣುವಂತಿರಲಿಲ್ಲ. ಹತ್ತರಲ್ಲಿ ಎಂಟು ಡಬ್ಬಿಗೆ ಪಿನ್ನು ಸೊಟ್ಟಗಿತ್ತು, ಗುರುತು ಹಿಡಿಯುವ ಆ ದಾರಿಯೂ ಮುಚ್ಚಿತು.

ಡಬ್ಬಿ ತೆರೆದು ನೋಡಿ ಎಂದು ಹೇಳಿದರಾಯಿತಲ್ಲ ಎಂದು ಬೇರೆ ಊರಿನವರು ಅನ್ನಬಹುದು. ಅಲ್ಲಿ ಹಾಗಾಗುವುದಿಲ್ಲ. ಕೊಟ್ಟ ತಿಂಡಿಯನ್ನು ಮುಟ್ಟುವುದಕ್ಕೆ ಆತಿಥೇಯ "ಮೊಂಗ್ಗೊ", ಎಂದರೆ ದಯಮಾಡಿ, ಎಂದು ಕರೆಯಬೇಕು. ಕರೆದ ಮೇಲೂ ದೊಡ್ಡವರು ಮೊದಲು ಕೈ ಹಾಕಬೇಕು, ಆಮೇಲೆ ಉಳಿದವರು. ಅದಕ್ಕೆ ಮೊದಲೇ ಡಬ್ಬಿ ತೆರೆದು ಇಣುಕುವವನನ್ನು ಹೊಟ್ಟೆಬಾಕನೆಂದು ಮೂರು ತಲೆಮಾರು ನೆನಪಿಡುತ್ತದೆ. ಇನ್ನು ಅತಿಥಿಯ ಕೈಯಿಂದ ಡಬ್ಬಿ ವಾಪಸು ಕೇಳುವುದಂತೂ ಆ ಓಣಿ ಹುಟ್ಟಿದಂದಿನಿಂದ ನಡೆದಿಲ್ಲ. ಇಲಿ ಇದೆ ಎಂದು ಹೇಳಿದರೋ, ಹಾವು ಅದೇ ಕ್ಷಣಕ್ಕೆ ಹೋಯಿತು.

"ಮೊಂಗ್ಗೊ ಅಂತ ಹೇಳಿ. ಬೇಗ. ಎಲ್ಲರೂ ತೆರೀತಾರೆ, ನಾನು ಇಕ್ಕಳ ಹಿಡ್ಕೊಂಡು ನಿಂತಿರ್ತೀನಿ" ಎಂದು ಮುರ್ತಿನಿ ಪಿಸುಗುಟ್ಟಿದಳು.

ಪಾಕ್ ಕಾಸಿರಾನ್ ಸ್ವಾಗತಿಸಿ, ಅರಿವಿನ ಮಹತ್ವ ಹೇಳಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕದವರು ಹಾಕಿ ಎಂದು ಎರಡು ಸಲ ನೆನಪಿಸಿ, ಈಗ ನಮ್ಮ ಓಣಿಯ ಹಾವುತಜ್ಞರು ಎಂದು ವಾಗಿಮಿನ್ ಕೈಗೆ ಮೈಕು ಕೊಟ್ಟರು. ತಜ್ಞ ಮೊದಲ ಮಾತಿನಲ್ಲೇ, ಜ್ಞಾನಕ್ಕಿಂತ ಮೊದಲು ತಿಂಡಿ, ಎಲ್ಲರೂ ಡಬ್ಬಿ ತೆರೆಯಿರಿ, ಮೊಂಗ್ಗೊ, ಮೊಂಗ್ಗೊ ಎಂದ. ಜನ ಸಂತೋಷದಿಂದ ಪಾಕ್ ಲೂರಾ ಅವರ ಕಡೆ ನೋಡಿದರು. ಪಾಕ್ ಲೂರಾ ನಗುತ್ತ ಕೈ ಎದೆಯ ಮೇಲಿಟ್ಟುಕೊಂಡರು.

"ನನಗೆ ಸೋಮವಾರ ಗುರುವಾರ ಉಪವಾಸ. ಸಂಜೆ ಉಪವಾಸ ಬಿಡೋದಕ್ಕೆ ಮನೆಗೇ ತಗೊಂಡು ಹೋಗ್ತೀನಿ. ನೀವು ತಿನ್ನಿ, ಸಂಕೋಚ ಬೇಡ."

ಸಂಕೋಚ ಬೇಡ ಎಂದ ಮೇಲೆ ಸಂಕೋಚ ಎರಡರಷ್ಟಾಯಿತು. ಉಪವಾಸದ ಅಧಿಕಾರಿಯ ಎದುರು ಬಾಯಾಡಿಸುವವರು ಯಾರು. ನಾವೂ ಮನೆಗೇ ಒಯ್ಯುತ್ತೇವೆ, ಮಕ್ಕಳಿಗಾಗುತ್ತದೆ ಎಂದು ಉಳಿದವರೆಲ್ಲ ಒಟ್ಟಿಗೆ ಹೇಳಿ, ಡಬ್ಬಿಗಳ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ಯಾರ ಮನೆಯಲ್ಲೋ ಮಗು ಡಬ್ಬಿ ತೆರೆದು ಇಲಿ ಹೊರಗೆ ಹಾರುವುದು ವಾಗಿಮಿನ್‌ಗೆ ಕಣ್ಣಿಗೆ ಕಟ್ಟಿತು. ಹಸಿಮೆಣಸಿನಕಾಯಿ ಹಾಕುವುದು ಮರೆತಿದ್ದೇವೆ, ಡಬ್ಬಿಗಳನ್ನು ಒಂದು ನಿಮಿಷ ಮುಂದಕ್ಕೆ ದಾಟಿಸಿದರೆ ಹಾಕಿ ಕೊಡುತ್ತೇವೆ ಎಂದ. ಇದು ಅವನ ಜೀವನದ ಅತ್ಯಂತ ಜಾಣ ಸುಳ್ಳಾಗಿತ್ತು.

"ಹಾಕಿದೀವಿ. ನಾನೇ ಕೈಯಾರೆ ಹಾಕಿದ್ದು, ಒಂದೊಂದಕ್ಕೂ" ಎಂದಳು ಬೂ ಹೆಂದಾರ್ತಿ. ಮೆಣಸಿನಕಾಯಿಯ ಮಾತು ಅಲ್ಲಿಗೆ ನಿಂತಿತು.

ಉಳಿದದ್ದು ಭಾಷಣ. ವಾಗಿಮಿನ್ ಶುರುಮಾಡಿದ. ಬೇಟೆಯ ಪ್ರಾಣಿಯನ್ನು ಎಂದೂ ಕಣ್ಣುಮರೆ ಮಾಡಬಾರದು ಎಂದ, ಹೇಳುತ್ತಾ ಸಾಲುಸಾಲಾಗಿ ತೊಡೆಗಳನ್ನು ನೋಡಿದ. ಇಲಿ ಎಲ್ಲಿದೆ ಎಂಬುದು ಪ್ರತಿ ಕ್ಷಣವೂ ಗೊತ್ತಿರಬೇಕು ಎಂದ, ಹಣೆ ಒರೆಸಿಕೊಂಡ. ರಟ್ಟಿನಂಥ ವಸ್ತುವಿನಲ್ಲಿ ಇಡಲೇಬಾರದು, ಕಡಿದುಬಿಡುತ್ತದೆ ಎಂದಾಗ ಅವನ ಧ್ವನಿ ನಡುಗಿತು. ಎಷ್ಟು ಮನಸ್ಸಿಟ್ಟು ಹೇಳುತ್ತಾರೆ ಎಂದು ಮುಂದಿನ ಸಾಲಿನವರು ತಲೆದೂಗಿದರು. ಪಾಕ್ ಲೂರಾ ಟಿಪ್ಪಣಿ ಬರೆದುಕೊಂಡರು. ತನ್ನ ಬಾಯಿಂದ ಬಂದ ಮಾತೆಲ್ಲ ನಿಜವಾಗಿದ್ದ ಮೊದಲ ಭಾಷಣ ಅದು ಎಂದು ವಾಗಿಮಿನ್‌ಗೆ ಹೊಳೆಯಲೂ ಇಲ್ಲ.

ಅಷ್ಟರಲ್ಲಿ ಮುರ್ತಿನಿ ಊಟದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯಿಂದ ಹೊರಗೆ ಬಂದಳು. ಮುಚ್ಚಳದ ನಾಲ್ಕೂ ಚಿಲಕ ಹಾಕಿತ್ತು, ಮುಚ್ಚಳದಲ್ಲಿ ಗಾಳಿಯ ತೂತುಗಳಿದ್ದವು. ಒಳಗೆ ಕೆನಂಗಾ ಮುದುರಿ ಮಲಗಿತ್ತು. ಪ್ರಾತ್ಯಕ್ಷಿಕೆಗೆ ಮೊದಲು ಹಾವನ್ನು ಎಲ್ಲರೂ ಹತ್ತಿರದಿಂದ ನೋಡಿಬಿಡಿ ಎಂದು ಹೇಳಿ ಸಾಲುಗಳ ನಡುವೆ ನಿಧಾನವಾಗಿ ನಡೆದಳು. ಎರಡು ವಾರದಿಂದ ಹಸಿದ ಹಾವಿಗೆ ಇಲಿಯ ವಾಸನೆ ಯಾರ ಮರ್ಯಾದೆಯ ಹಂಗೂ ಇಲ್ಲದೆ ಸಿಗುತ್ತದೆ ಎಂದು ಆಕೆಗೆ ಗೊತ್ತಿತ್ತು. ಮೊದಲ ಸಾಲಿನಲ್ಲಿ ಹಾವು ಮಲಗಿಯೇ ಇತ್ತು. ಎರಡನೆಯ ಸಾಲಿನಲ್ಲಿ ಬೂ ಹೆಂದಾರ್ತಿ ಕುರ್ಚಿಯ ಹಿಂದಕ್ಕೆ ಸರಿದಳು, ಹಾವು ಆಕೆಯನ್ನು ಲೆಕ್ಕಿಸಲಿಲ್ಲ. ಮೂರನೆಯದು ಹಿರಿಯರ ಸಾಲು. ಅಲ್ಲಿ ಕೆನಂಗಾ ತಲೆ ಎತ್ತಿ, ನಾಲಗೆ ಹೊರಚಾಚಿ, ಕತ್ತನ್ನು ಹಿಂದಕ್ಕೆ ಮಡಚಿಕೊಂಡಿತು.

ಕರ್ತೊ ಅಜ್ಜ ಎಂಬತ್ತನಾಲ್ಕು ವರ್ಷದವರು, ಆ ಓಣಿಗೇ ಮರ್ಯಾದಸ್ಥರು. ಬೆನ್ನು ನೆಟ್ಟಗೆ ಇಟ್ಟು, ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಡಬ್ಬಿಯ ಒಂದು ಮೂಲೆ ಇರಲಿಲ್ಲ. ಅಲ್ಲಿಗೆ ಅಜ್ಜನ ಹೆಬ್ಬೆರಳು ಅಡ್ಡವಾಗಿತ್ತು.

ಮುರ್ತಿನಿ ಬಾಗಿ, ಅಜ್ಜ, ಇದು ನಿಮ್ಮಲ್ಲಿದೆಯಾ ಎಂದು ಮೆಲ್ಲಗೆ ಕೇಳಿದಳು.

"ಇದೆ ಮಗಳೇ. ಮುಕ್ಕಾಲು ಗಂಟೆಯಿಂದ ಇದೆ. ಕೊಟ್ಟ ತಿಂಡಿ ಓಡಾಡ್ತಿದೆ ಅಂತ ಹೇಳಿದ್ರೆ ನಿನ್ನ ಅಡುಗೇನ ಆಡಿಕೊಂಡ ಹಾಗಾಗುತ್ತೆ ಅಂತ ಸುಮ್ನಿದ್ದೆ" ಎಂದರು ಅಜ್ಜ. ಇನ್ನೊಂದು ಮಾತು ಸೇರಿಸಿದರು: "ಲೆಂಪರ್ ಅಲ್ಲ ಅಂತ ಮಾತ್ರ ಗೊತ್ತಾಯ್ತು."

ಬೆರಳು ಕಚ್ಚಿತೇ ಎಂದು ಮುರ್ತಿನಿ ನೋಡಿದಳು. ಕಚ್ಚಿರಲಿಲ್ಲ, ಅಜ್ಜನ ಹೆಬ್ಬೆರಳು ರಟ್ಟಿಗಿಂತ ಗಟ್ಟಿ. ಆಕೆ ಪೆಟ್ಟಿಗೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಡಬ್ಬಿಯ ತೂತಿಗೆ ಅಂಗೈ ಒತ್ತಿ, ಅದನ್ನು ತೆಗೆದುಕೊಂಡಳು. ಅಂಗೈಗೂ ರಟ್ಟಿಗೂ ನಡುವೆ ಇದ್ದ ಅರ್ಧ ಬೆರಳಿನ ಸಂದಿಯಿಂದ ಒಂದು ಬಿಳಿ ಮೂತಿ ಹೊರಗೆ ಬಂದು ಮೀಸೆ ಅಲ್ಲಾಡಿಸಿತು.

ಅದನ್ನು ಕಂಡವರಲ್ಲಿ ವಾಗಿಮಿನ್ ಒಬ್ಬ. ಅವನು ಹತ್ತು ಅಡಿ ದೂರದಲ್ಲಿ ವೇದಿಕೆಯ ಮೇಲಿದ್ದ. ಎರಡೂ ಕಾಲುಗಳು ನೆಲ ಬಿಟ್ಟವು. ಮುಂದಿನ ಕ್ಷಣ ಅವನು ಪಾಕ್ ಲೂರಾ ಅವರ ಮೇಜಿನ ಮೇಲೆ, ಹೂಕುಂಡಕ್ಕೂ ತಿಂಡಿ ಡಬ್ಬಿಗೂ ನಡುವೆ, ಬಾಟಿಕ್ ಅಂಗಿಯ ತುದಿಯನ್ನು ಮೇಲೆತ್ತಿ ಹಿಡಿದು ನಿಂತಿದ್ದ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಮುರ್, ತೆಗಿ ಅದನ್ನ, ಮುರ್, ಗೇಟಿಗೆ ಹೋಗ್ತೀನಿ, ಯಾವತ್ತಿನ ಹಾಗೆ ಗೇಟಿಗೆ ಹೋಗ್ತೀನಿ" ಎಂಬ ಮಾತು ನಾಲ್ಕು ಸ್ಪೀಕರುಗಳಲ್ಲಿ ಮಸೀದಿಯ ತಿರುವಿನವರೆಗೂ ಕೇಳಿಸಿತು.

ಮುರ್ತಿನಿ ಯಾರ ಕಡೆಗೂ ನೋಡದೆ ಕೆಲಸ ಮುಂದುವರಿಸಿದಳು. ಸೊಂಟದಿಂದ ಇಕ್ಕಳ ತೆಗೆದು, ಇಲಿಯನ್ನು ಬೆನ್ನ ಚರ್ಮದಲ್ಲಿ ಹಿಡಿದು ಪೆಟ್ಟಿಗೆಯ ಖಾಲಿ ಭಾಗಕ್ಕೆ ಇಳಿಸಿ ಚಿಲಕ ಹಾಕಿದಳು. ಹೆಗಲ ಶಾಲು ತೆಗೆದು ಪೆಟ್ಟಿಗೆಯ ಮೂರು ಬದಿಗೂ ಮುಚ್ಚಿದಳು. ಪಾಕ್ ಲೂರಾ, ಎಲ್ಲರಿಗೂ ಕಾಣುವ ಹಾಗೆ ಇಡಬಾರದೇ ಎಂದು ಕೇಳಿದರು.

"ಅರವತ್ತು ಜನ ಬಾಯಿ ನೋಡ್ತಾ ಕೂತ್ರೆ ನಮಗಾದ್ರೂ ಇಳಿಯುತ್ತಾ ಪಾಕ್? ಅದಕ್ಕೂ ಅಷ್ಟೇ" ಎಂದಳು ಮುರ್ತಿನಿ.

ತೆರೆದ ಬದಿಯಲ್ಲಿ ಪಾಕ್ ಲೂರಾ, ಪಾಕ್ ಕಾಸಿರಾನ್, ಬೂ ಹೆಂದಾರ್ತಿ ಮೂವರೂ ಕುಕ್ಕರಿಸಿದರು. ಮುರ್ತಿನಿ ತಡಿಕೆ ಎಳೆದಳು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದೇ ಹೊಡೆತ, ಮೂರು ಸುತ್ತು, ಮುಗಿಯಿತು. ಇಲಿ ಕೀಚ್ ಎನ್ನಲೂ ಇಲ್ಲ. ನುಂಗಿ ಆಗುವವರೆಗೂ ಆಕೆ ಕದಲಲಿಲ್ಲ, ಅಲ್ಲಿಯವರೆಗೆ ಬೇಕಾದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಇಲಿ ಮುಟ್ಟಿದ ಕೈಯಲ್ಲಿ ಹಾವು ಮುಟ್ಟಬಾರದು, ಅದಕ್ಕೆ ಕೈಯೂ ಇಲಿಯೇ. ಕಾಲು ಗಂಟೆಯಲ್ಲಿ ತಿನ್ನದಿದ್ದರೆ ಇಲಿಯನ್ನು ತೆಗೆಯಬೇಕು. ತಿಂದ ಮೇಲೆ ಎರಡು ದಿನ ಎತ್ತಬಾರದು, ಹೆಗಲಿಗೆ ಹಾಕಿಕೊಂಡು ಕಾಫಿ ಗಾಡಿಗಂತೂ ಒಯ್ಯಬಾರದು. ಅಜ್ಜನಿಗೆ ಸೋಪು ನೀರು ತಂದುಕೊಡಿ ಎಂದೂ ಹೇಳಿದಳು.

ಬೂ ಹೆಂದಾರ್ತಿ ಮೆಲ್ಲಗೆ ಎದ್ದು ನಿಂತಳು. "ಎರಡು ವರ್ಷದಿಂದ ಇದಕ್ಕೆ ಊಟ ಹಾಕ್ತಿದ್ದದ್ದು ನೀನಾ?"

"ಹೂಂ. ಇವರು ಗೇಟಿನ ಹತ್ರ ಇರ್ತಾರೆ."

"ಒಂದು ಸಲಾನಾದ್ರೂ ಇಲಿ ತಪ್ಪಿಸ್ಕೊಂಡಿದೆಯಾ?"

"ಇವತ್ತು. ಇವತ್ತು ತಂದಿದ್ದು ಇವರು."

ಬೂ ಹೆಂದಾರ್ತಿ ಮೇಜಿನ ಮೇಲೆ ನಿಂತಿದ್ದ ವಾಗಿಮಿನ್‌ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಎರಡು ತಿಂಗಳಿಂದ ನಿದ್ದೆಗೆಡಿಸಿದ ಭಯ ಆಕೆಯ ಮುಖದಿಂದ ಇಳಿದು ಆ ಜಾಗಕ್ಕೆ ಸಿಟ್ಟು ಬಂತು.

"ಅಲ್ಲಪ್ಪಾ, ಮುರ್ತಿನಿ ಹಾಕ್ತಾಳೆ ಅಂತ ಒಂದು ಮಾತು ಹೇಳಿದ್ರೆ ನಾನು ಪತ್ರ ಬರೀತಿದ್ನಾ? ಇವಳ ಕೈಗೆ ನಾನು ಮೊಮ್ಮಗನ್ನೇ ಕೊಡ್ತೀನಿ. ನೀನು ಹಾಕ್ತೀಯ ಅಂದಿದ್ದಕ್ಕಲ್ವಾ ಇಡೀ ಓಣಿ ಹೆದರಿದ್ದು."

ಇಪ್ಪತ್ತೆರಡು ಮನೆಯವರೂ ಹೌದೆಂದು ತಲೆಯಾಡಿಸಿದರು. ಎರಡು ವರ್ಷ ಕಾಫಿ ಗಾಡಿಯಲ್ಲಿ ಕಟ್ಟಿದ್ದೆಲ್ಲ ಒಂದು ನಿಮಿಷದಲ್ಲಿ ಬಿದ್ದಿತ್ತು, ಬಿದ್ದದ್ದರಿಂದಲೇ ಹಾವು ಉಳಿಯುವಂತಾಗಿತ್ತು. ಅಳಬೇಕೋ ನಗಬೇಕೋ ತಿಳಿಯದೆ ವಾಗಿಮಿನ್ ಮೇಜಿನಿಂದ ಇಳಿಯಲು ಕಾಲು ಚಾಚಿದ. ಇಳಿಯುವಾಗ ಪಾಕ್ ಲೂರಾ ಅವರ ತಿಂಡಿ ಡಬ್ಬಿಯನ್ನು ತುಳಿದುಬಿಟ್ಟ. ಕರ್ತೊ ಅಜ್ಜ ಎದ್ದು ಬಂದು, ಒಂದು ಡಬ್ಬಿ ಉಳಿದಿದೆಯಂತಲ್ಲ, ಅದು ನನ್ನ ಪಾಲಿನದು, ಅವರಿಗೆ ಕೊಡಿ ಎಂದರು.

ಪಾಕ್ ಲೂರಾ ಅಲ್ಲಿಯೇ ಕೂತು ತೀರ್ಮಾನ ಬರೆದು ಮೊಹರು ಒತ್ತಿದರು. ಹದಿನಾಲ್ಕನೇ ಮನೆಯ ಹೆಬ್ಬಾವು ಆ ಮನೆಯಲ್ಲೇ ಇರತಕ್ಕದ್ದು. ಇಲಿ ತರುವುದು, ಹಾಕುವುದು, ತೆಗೆಯುವುದು ಶ್ರೀಮತಿ ಮುರ್ತಿನಿ ಅವರು ಮಾತ್ರ. ಆದರೆ ಯಾವ ಅಪಾಯದ ಕೆಲಸವನ್ನೂ ಒಬ್ಬರೇ ಮಾಡಬಾರದಾದ್ದರಿಂದ, ಶ್ರೀ ವಾಗಿಮಿನ್ ಅವರು ಪ್ರತಿ ಸಲವೂ ಐದು ಮೀಟರು ದೂರದಲ್ಲಿ ನಿಂತು, ಎರಡೂ ಕಣ್ಣು ತೆರೆದು, ಸಾಕ್ಷಿಯಾಗಿ ನೋಡತಕ್ಕದ್ದು. ಈ ತೀರ್ಮಾನದ ಒಂದೊಂದು ಪ್ರತಿ ಪ್ರತಿ ಮನೆಗೂ ತಲುಪಬೇಕು.

ಪ್ರತಿ ತೆಗೆಯುವ ಅಂಗಡಿ ಆ ಓಣಿಯಲ್ಲಿ ಒಂದೇ. ಮರುದಿನ ಬೆಳಗ್ಗೆ ವಾಗಿಮಿನ್ ಯಂತ್ರದ ಮುಂದೆ ನಿಂತು ತನ್ನ ಗುಟ್ಟನ್ನು ಮೊಹರು ಸಮೇತ ಅರವತ್ತು ಸಲ ಹೊರಗೆ ಬರುವುದನ್ನು ನೋಡಿದ. ಅರವತ್ತೂ ಹಾಳೆ ನೆಟ್ಟಗೆ ಬಂದವು. ಅಂಗಡಿ ತೆರೆದ ಹನ್ನೊಂದು ವರ್ಷಗಳಲ್ಲಿ ಹಾಗೆ ಆಗಿರಲಿಲ್ಲ. ಮುರ್ತಿನಿ ಒಂದು ಪ್ರತಿಗೆ ಲ್ಯಾಮಿನೇಷನ್ ಮಾಡಿಸಿ ತಗಡಿನ ಡಬ್ಬದ ಮೊಳೆಗೇ ತೂಗುಹಾಕಿದಳು. ಕಾಫಿ ಗಾಡಿಯಲ್ಲಿ ಅವನಿಗೆ ಮತ್ತೆ ಬೆಂಚಿನ ತುದಿ ಬಂತು. ಪಕ್ಕದಲ್ಲಿ ಕರ್ತೊ ಅಜ್ಜ ಸರಿದು ಜಾಗ ಮಾಡಿಕೊಟ್ಟರು.

ಎರಡು ವಾರ ಕಳೆದು ಕೆನಂಗಾಳ ಊಟದ ದಿನ ಬಂತು. ವಾಗಿಮಿನ್ ಅಂಗಡಿಯಿಂದ ಟೇಪು ತಂದು ಅಳೆದ. ಇಷ್ಟು ದಿನ ಅವನು ನಿಲ್ಲುತ್ತಿದ್ದ ಗೇಟು ಊಟದ ಪೆಟ್ಟಿಗೆಯಿಂದ ಒಂಬತ್ತು ಮೀಟರು ಇತ್ತು. ಎರಡು ಸಲ ಅಳೆದರೂ ಒಂಬತ್ತೇ. ಐದು ಮೀಟರು ಎಂದರೆ ಗೇಟಿನಿಂದ ಒಳಕ್ಕೆ ಹಿತ್ತಿಲ ಬಾಗಿಲು ದಾಟಿ, ಬಾವಿಯ ಕಟ್ಟೆ ದಾಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿತ್ತು. ಸರಕಾರಿ ಮೊಹರಿನ ಮಾತು. ಅವನು ಆ ನಾಲ್ಕು ಮೀಟರನ್ನು ಬಹಳ ಹೊತ್ತು ನಡೆದ.

ಮುರ್ತಿನಿ ತಗಡಿನ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದಳು. ತಿರುಗಿ ನೋಡದೆಯೇ ಕೇಳಿದಳು: "ಕಣ್ಣು ತೆರೆದಿದೀರಾ?"

"ಒಂದು ತೆರೆದಿದೆ."

"ಕಾಗದದಲ್ಲಿ ಎರಡು ಅಂತ ಇದೆ."

ಇಕ್ಕಳದ ತುದಿಯಲ್ಲಿ ಇಲಿ ಮೇಲೆ ಬಂತು. ವಾಗಿಮಿನ್ ಇನ್ನೊಂದನ್ನೂ ತೆರೆದ. ಅಷ್ಟು ಹತ್ತಿರದಿಂದ ಹೆಂಡತಿಯ ಕೈ ಒಂದಿಷ್ಟೂ ನಡುಗದೆ ಕೆಲಸ ಮಾಡುವುದನ್ನು ಅವನು ನೋಡಿದ್ದು ಅದೇ ಮೊದಲು. ಆಕೆ ತಿರುಗಿ ಅವನ ಮುಖ ನೋಡಿದಳು, ಆಮೇಲೆ ಅವನ ಕಾಲು ನೋಡಿದಳು. ಎರಡೂ ನೆಲದ ಮೇಲೇ ಇದ್ದವು.